ಉಪ್ಪಿಗೆ ಬಂದ ಹಿಮಸಾರಂಗ

“ಅಜ್ಜಾ, ಹಿಮಸಾರಂಗದ ಮೇಲೆ ಕೂತ ಫೋಟೊ ತರಲೇಬೇಕು” ಎಂದು ಮೊಮ್ಮಗ ಮಾತು ತೆಗೆದುಕೊಂಡೇ ನನ್ನನ್ನು ಮಂಗೋಲಿಯಕ್ಕೆ ಕಳಿಸಿದ್ದ.

ದೇಶದ ಉತ್ತರಕ್ಕೆ, ರಷ್ಯಾ ಗಡಿಯ ಬೆಟ್ಟಗಾಡಿನಲ್ಲಿ ದುಖಾ ಎಂಬ ಜನ ಹಿಮಸಾರಂಗ ಸಾಕುತ್ತಾರೆ. ತ್ಸಗಾನ್‌ನೂರ್ ಹಳ್ಳಿಗೆ ಜೀಪಿನ ದಾರಿ ಮುಗಿಯಿತು. ಮುಂದೆ ಕುದುರೆ. ಅದರ ಕಾಲು ಕೆಸರಿನಲ್ಲಿ ಹೂತಾಗ, ಅರವತ್ತು ದಾಟಿದವನಿಗೆ ಇದೆಲ್ಲ ಬೇಕಿತ್ತೇ ಎನಿಸಿತು. ಸಂಜೆ ಇಳಿದಾಗ ನನ್ನ ಕಾಲು ನನ್ನ ಮಾತೇ ಕೇಳಲಿಲ್ಲ.

ಉದ್ದನೆಯ ಗಳುಗಳ ತುದಿ ಸೇರಿಸಿ, ಸುತ್ತ ಬಟ್ಟೆ ಹೊದಿಸಿದ ಗುಡಾರ. ಒಳಗೆ ಆ ಮನೆಯ ಅಜ್ಜಿ ಹಿಮಸಾರಂಗದ ಹಾಲಿನ ಚಹಾ ಕೊಟ್ಟರು. ಸಕ್ಕರೆಯಲ್ಲ, ಉಪ್ಪು! ಎರಡನೇ ಲೋಟಕ್ಕೆ ರುಚಿ ಹತ್ತಿತು.

ಬೆಳಿಗ್ಗೆ ಅವರ ಪುಟ್ಟ ಮೊಮ್ಮಗಳು ಹಿಮಸಾರಂಗ ಏರಿ ಹೊರಟಳು. ನಾನೂ ಹತ್ತುತ್ತೇನೆ ಎಂದೆ. ಅಜ್ಜಿ ನನ್ನ ಹೊಟ್ಟೆ ನೋಡಿ ಬೇಡವೆಂದು ತಲೆಯಾಡಿಸಿದರು. ಅದರ ನಡುಬೆನ್ನು ಭಾರ ತಾಳದಂತೆ. “ಫೋಟೊಗೆ ಒಂದೇ ನಿಮಿಷ” ಎಂದು ದುಭಾಷಿಯ ಮೂಲಕ ಅಂಗಲಾಚಿದೆ. ಅಜ್ಜಿ ಜಗ್ಗಲಿಲ್ಲ. ನಾಚಿಕೆಯೂ ಆಯಿತು, ಸಿಟ್ಟೂ ಬಂತು.

ಅಷ್ಟರಲ್ಲಿ ಹುಡುಗಿ ನನ್ನ ಅಂಗೈಗೆ ಉಪ್ಪು ಸುರಿದಳು. ಟಕ್ ಟಕ್! ಹಿಮಸಾರಂಗ ನಡೆದರೆ ಪಾದದ ಸ್ನಾಯುರಜ್ಜುವೇ ಹಾಗೆ ಸದ್ದು ಮಾಡುತ್ತದೆ. ನಮ್ಮ ಕೊಟ್ಟಿಗೆಯ ಗೌರಿ ಅಕ್ಕಚ್ಚಿಗೆ ಬರುತ್ತಿದ್ದ ಹಾಗೆಯೇ ಬಂದು, ಅಂಗೈಯನ್ನೆಲ್ಲ ನೆಕ್ಕಿತು. ಕೊಂಬು ಮುಟ್ಟಿದೆ. ಮಖಮಲ್ಲಿನಂಥ ರೋಮ, ಒಳಗೆ ಬೆಚ್ಚಗೆ.

ಆ ಫೋಟೊವನ್ನೇ ಮೊಮ್ಮಗನಿಗೆ ತೋರಿಸಿ, ನಡೆದದ್ದನ್ನು ಹೇಳಿದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ.

“ಅಜ್ಜಾ, ನಾನು ಇಪ್ಪತ್ತೆರಡೇ ಕೆ.ಜಿ. ಇದ್ದೀನಿ. ಆ ಅಜ್ಜಿ ನನ್ನನ್ನು ಹತ್ತಿಸ್ತಾರಾ?”