ಅಟ್ಟದ ಮೇಲಿನ ದೇವರು

ಆಮ್‌ಸ್ಟರ್‌ಡ್ಯಾಮಿನ ಔಡೆಝೈಡ್ಸ್ ಫೋರ್‌ಬುರ್ಗ್‌ವಾಲ್ ಕಾಲುವೆಯ ದಂಡೆಯಲ್ಲಿ 1630ರಲ್ಲಿ ಕಟ್ಟಿದ ಒಂದು ಮನೆಯಿದೆ. ಆ ಸಾಲಿನ ಉಳಿದ ಮನೆಗಳಂತೆ ಅದಕ್ಕೂ ಅಗಲ ಕಡಿಮೆ, ಎತ್ತರ ಹೆಚ್ಚು. ಬೀದಿಯಲ್ಲಿ ನಿಂತು ಎಷ್ಟು ಕತ್ತೆತ್ತಿ ನೋಡಿದರೂ ಅದರ ಅಟ್ಟದಲ್ಲಿ ಸುಮಾರು 150 ಜನ ಹಿಡಿಸುವ ಚರ್ಚ್ ಇದೆಯೆಂದು ತಿಳಿಯುವುದಿಲ್ಲ. ತಿಳಿಯಬಾರದೆಂದೇ ಅದನ್ನು ಅಲ್ಲಿ ಕಟ್ಟಿದ್ದು.

1578ರಲ್ಲಿ ನಗರದ ಆಡಳಿತ ಪ್ರಾಟೆಸ್ಟಂಟರ ಕೈಸೇರಿತು. ಈ ಮನೆಯಿಂದ ಕೂಗಳತೆಯಲ್ಲಿರುವ ಔಡೆ ಕೆರ್ಕ್ ಎಂಬ ಚರ್ಚ್ ಅಲ್ಲಿಯವರೆಗೆ ಕ್ಯಾಥೊಲಿಕರದು, ಸಂತ ನಿಕೋಲಾಸನ ಹೆಸರಿನದು. ಅದೂ ಅವರಿಂದ ಹೋಯಿತು. ಬಹಿರಂಗ ಪೂಜೆಗೆ ನಿಷೇಧ ಬಂತು. ಆದರೆ ಹೊರಗೆ ಕಾಣದಂತೆ ಮನೆಯೊಳಗೆ ನಡೆಸಿಕೊಂಡರೆ ಅಧಿಕಾರಿಗಳು ಕಂಡೂ ಕಾಣದಂತೆ ಇರುತ್ತಿದ್ದರು. ಅದಕ್ಕೂ ಬೆಲೆ ತೆರಬೇಕಿತ್ತು. ಇಂಥ ಮರೆಯ ಚರ್ಚುಗಳವರು ನಗರದ ದಂಡಾಧಿಕಾರಿಗೆ ಹಣ ಸಲ್ಲಿಸುವುದು ವಾಡಿಕೆಯಾಗಿತ್ತು.

ಜರ್ಮನಿಯಿಂದ ಬಂದ ಕ್ಯಾಥೊಲಿಕ್ ವರ್ತಕ ಯಾನ್ ಹಾರ್ಟ್‌ಮನ್ 1661ರಲ್ಲಿ ಈ ಮನೆಯನ್ನೂ ಅದರ ಹಿಂದಿನ ಎರಡು ಮನೆಗಳನ್ನೂ ಕೊಂಡ. ಕೆಳಗಿನ ದಿವಾನಖಾನೆಯನ್ನು ಆ ಕಾಲದ ಶ್ರೀಮಂತರ ರುಚಿಗೆ ತಕ್ಕಂತೆ ಸಿಂಗರಿಸಿದ. ಅಗ್ಗಿಷ್ಟಿಕೆಗೆ ಹುರಿಗಟ್ಟಿದ ಹಗ್ಗದಂಥ ಕಂಬಗಳು, ಅದರ ಮೇಲೆ ಜಿಂಕೆಯಿರುವ ಮನೆತನದ ಲಾಂಛನ. ಆದರೆ ಅವನ ಮನಸ್ಸಿದ್ದದ್ದು ಮೇಲೆ. ಮೂರು ಮನೆಗಳ ಅಟ್ಟಗಳನ್ನು ಒಂದಾಗಿಸಿ, ನಡುವಿನ ನೆಲಗಳನ್ನು ಕೊರೆಸಿ, ಸುತ್ತ ಉಳಿದದ್ದನ್ನು ಜನ ಕೂರುವ ಜಗಲಿಗಳನ್ನಾಗಿ ಮಾಡಿಸಿದ. ಅವನ್ನು ಮೇಲಿನಿಂದ ಕಬ್ಬಿಣದ ಸರಳುಗಳು ಹಿಡಿದಿವೆ. ಜನ ಪಕ್ಕದ ಓಣಿಯ ಬಾಗಿಲಿನಿಂದ ಒಳಗೆ ಬರುತ್ತಿದ್ದರು. ವೇದಿಕೆಯ ಕಂಬಗಳು ಅಮೃತಶಿಲೆಯವಲ್ಲ, ಹಾಗೆ ಕಾಣುವಂತೆ ಬಣ್ಣ ಬಳಿದ ಮರ. ಅದರ ಬುಡದೊಳಗೇ ಬೋಧಪೀಠವನ್ನು ಮಡಚಿ ಇಡಲಾಗುತ್ತಿತ್ತು. ಪಾದ್ರಿ ಮಾತನಾಡುವ ಹೊತ್ತಿಗೆ ಹೊರಗೆ ಎಳೆಯುತ್ತಿದ್ದರು. ಹಿಂದಿನ ಗೋಡೆಯಲ್ಲಿ ಯಾಕೋಬ್ ಡಿ ವಿಟ್ 1716ರ ಸುಮಾರಿಗೆ ಬರೆದ ಯೇಸುವಿನ ದೀಕ್ಷಾಸ್ನಾನದ ಚಿತ್ರ. ಅಂಗುಲ ಜಾಗವನ್ನೂ ಪೋಲು ಮಾಡದ ಆ ಬಡಗಿಗಳ ಕೈಗೆ ನಾನು ಮನಸಾರೆ ತಲೆಬಾಗುತ್ತೇನೆ.

ಹಾರ್ಟ್‌ಮನ್ 1668ರಲ್ಲಿ ತೀರಿಕೊಂಡ. ಮುಂದೆ ಮನೆ ಕೊಂಡವನು ಪ್ರಾಟೆಸ್ಟಂಟ್ ವ್ಯಾಪಾರಿ. ಅವನು ಅಟ್ಟವನ್ನು ಕ್ಯಾಥೊಲಿಕರಿಗೇ ಬಾಡಿಗೆಗೆ ಕೊಟ್ಟ! ಈ ನಗರದ ಸಹಿಷ್ಣುತೆಯನ್ನು ಕುರಿತು ಓದುವಾಗಲೆಲ್ಲ ನನಗೆ ಈ ಬಾಡಿಗೆಯ ನೆನಪಾಗುತ್ತದೆ. ಅದನ್ನು ಹಗುರವಾಗಿ ಕಾಣಲಾರೆ; ಅದೇ ಶತಮಾನದಲ್ಲಿ ಯುರೋಪಿನ ಬೇರೆಡೆ ಧರ್ಮದ ಹೆಸರಿನಲ್ಲಿ ಊರಿಗೆ ಊರೇ ಉರಿದಿತ್ತು. ಆದರೂ ತನ್ನ ದೇವರನ್ನು ಕಾಣಲು ವಯಸ್ಸಾದವರೊಬ್ಬರು ಓಣಿಯಿಂದ ನುಸುಳಿ, ಆ ಕಡಿದಾದ ಮೆಟ್ಟಿಲುಗಳನ್ನು ಒಂದೊಂದೇ ಹತ್ತಿದ್ದನ್ನು ನೆನೆದರೆ, ಅದನ್ನು ಸ್ವಾತಂತ್ರ್ಯ ಎನ್ನಲು ನಾಲಗೆ ಏಳುವುದಿಲ್ಲ. ಅದು ಅನುಮತಿ, ಅಷ್ಟೆ. ಕೊಟ್ಟವರು ಯಾವಾಗ ಬೇಕಾದರೂ ಹಿಂತೆಗೆದುಕೊಳ್ಳಬಹುದಾಗಿತ್ತು.

1887ರಲ್ಲಿ ರೈಲು ನಿಲ್ದಾಣದ ಎದುರು, ಗೋಪುರಗಳೆತ್ತಿ, ಸಂತ ನಿಕೋಲಾಸನಿಗೆ ಹೊಸ ಚರ್ಚ್ ಎದ್ದಿತು. ಅಟ್ಟ ಖಾಲಿಯಾಯಿತು. ಮನೆ ಕೈತಪ್ಪದಂತೆ ಕ್ಯಾಥೊಲಿಕ್ ಇತಿಹಾಸಪ್ರಿಯರ ಗುಂಪೊಂದು ಅದನ್ನು ಉಳಿಸಿಕೊಂಡು, 1888ರಲ್ಲಿ ಮ್ಯೂಸಿಯಂ ಆಗಿ ತೆರೆಯಿತು. 2015ರಿಂದ ಪಕ್ಕದ ಕಟ್ಟಡದಲ್ಲಿ ಪ್ರವೇಶ. ಅಲ್ಲಿಂದ ಓಣಿಯ ಅಡಿಯಲ್ಲಿ ಸಾಗುವ ನೆಲಮಾಳಿಗೆಯ ಹಾದಿ ಹಳೆಯ ಮನೆಗೆ ಒಯ್ಯುತ್ತದೆ. ಪ್ರವಾಸಿಗಳ ದಟ್ಟಣೆ ಹೆಚ್ಚಾದಾಗ ಅದು ಬೇಕಾದ ಏರ್ಪಾಡೇ. ಆದರೆ ದಿನಕ್ಕೆ ಕೆಲವರನ್ನಾದರೂ ಓಣಿಯ ಬಾಗಿಲಿನಿಂದಲೇ ಮೇಲೆ ಹತ್ತಿಸಬೇಕು ಎಂಬುದು ನನ್ನ ಆಸೆ.