ಹ್ಯಾಂಬರ್ಗಿನ ಮಗಳಿಗೆ, ಮೂಡಿಗೆರೆಯಿಂದ

ಪ್ರೀತಿಯ ಪುಟ್ಟಿ,

ನಿಮ್ಮಪ್ಪ ಮಂಡಿನೋವು ಅನ್ನುತ್ತಲೇ ಮರಗಸಿಯವರ ಹಿಂದೆ ತೋಟ ಸುತ್ತುತ್ತಿದ್ದಾರೆ. ಹೂಮಳೆ ಚೆನ್ನಾಗಿ ಬಂತು. ಅದರ ಹಿಂದೆ ಬರಬೇಕಾದ ಬ್ಯಾಕಿಂಗ್ ಮಳೆಗೆ ಮಾತ್ರ ಆಕಾಶ ನೋಡುತ್ತಾ ಕೂರಬೇಕಾಯಿತು.

ಆವತ್ತು ಫೋನಿನಲ್ಲಿ ಕೇಳಿದೆಯಲ್ಲ, 'ಅಮ್ಮಾ, ಹೊರದೇಶದ ವ್ಯಾಪಾರದಿಂದ ನಮ್ಮಂಥ ದೇಶಗಳು ಉದ್ಧಾರ ಆಗ್ತವಾ ಇಲ್ವಾ?' ಅಂತ. ಆಳುಗಳಿಗೆ ಕಾಫಿ ಕೊಡುವ ಹೊತ್ತು, ಆಮೇಲೆ ಹೇಳ್ತೀನಿ ಅಂದಿದ್ದೆ. ನಿನ್ನ ಪ್ರೊಫೆಸರಿಗೆ ಒಪ್ಪಿಸುವಂಥ ಉತ್ತರ ನನ್ನ ಹತ್ತಿರ ಇಲ್ಲ ಮಗಳೇ. ಕಾಫಿ ಕಣದಲ್ಲಿ ನಿಂತು ಕಂಡದ್ದನ್ನು ಹೇಳಬಲ್ಲೆ.

ನಾನು ಈ ಮನೆಗೆ ಸೊಸೆಯಾಗಿ ಬಂದದ್ದು 1994ರಲ್ಲಿ. ಆ ಮಳೆಗಾಲದಲ್ಲೇ ಬ್ರೆಜಿಲಿನಲ್ಲಿ ಹಿಮ ಕಟ್ಟಿ ಕಾಫಿ ಗಿಡಗಳು ಸುಟ್ಟುಹೋದವು, ಇಲ್ಲಿ ದರ ಏರಿತು. ಊರವರೆಲ್ಲ ನನ್ನ ಕಾಲ್ಗುಣ ಅಂದರು! ಎಲ್ಲೋ ಯಾರೋ ರೈತ ತಲೆ ಮೇಲೆ ಕೈ ಹೊತ್ತಿದ್ದಕ್ಕೆ ನನಗೆ ಹೊಗಳಿಕೆ. ಜಾಗತಿಕ ವ್ಯಾಪಾರದ ಮೊದಲ ಪಾಠ ನನಗಾದದ್ದು ಹಾಗೆ.

ಅದಕ್ಕೂ ಹಿಂದೆ ಬೆಳೆದದ್ದೆಲ್ಲ ಕಾಫಿ ಬೋರ್ಡಿನ ಪೂಲಿಗೇ ಹೋಗಬೇಕಿತ್ತು. ಮಹಾಯುದ್ಧದಲ್ಲಿ ಯುರೋಪಿನ ಮಾರುಕಟ್ಟೆ ಮುಚ್ಚಿದಾಗ, 1942ರಲ್ಲಿ ಬಂದ ಕಾಯಿದೆ ಅದು. ದುಡ್ಡು ಕಂತುಕಂತಾಗಿ ಬರುತ್ತಿತ್ತು, ಅಜ್ಜಯ್ಯ ಬೋರ್ಡನ್ನು ಬೈಯದ ದಿನವಿರಲಿಲ್ಲ. 1992ರಿಂದ ಹಂತಹಂತವಾಗಿ ಸಡಿಲಿಸಿ 1996ರಲ್ಲಿ ಪೂರ್ತಿ ಬಿಟ್ಟರು. ನಮ್ಮ ಕಾಫಿ ನಾವೇ ಮಾರಬಹುದು! ಆ ಹುರುಪಿನಲ್ಲಿ ನಿಮ್ಮಪ್ಪ ಕೆಳಗಿನ ಗದ್ದೆಗೂ ರೊಬಸ್ಟಾ ಹಾಕಿಸಿದರು.

ಅದೇ ಹೊತ್ತಿಗೆ ವಿಯೆಟ್ನಾಮಿನ ಡಾಕ್ ಲಾಕ್ ಗುಡ್ಡಗಳಲ್ಲೂ ರೈತರು ರೊಬಸ್ಟಾ ಹಾಕುತ್ತಿದ್ದರು. 1986ರಲ್ಲಿ ಅವರ ಸರ್ಕಾರ ಮಾರುಕಟ್ಟೆಗೆ ಬಾಗಿಲು ತೆಗೆದಿತ್ತು. 2000ದ ಹೊತ್ತಿಗೆ ಬ್ರೆಜಿಲ್ ಬಿಟ್ಟರೆ ಅವರೇ ದೊಡ್ಡವರು. ಜಗತ್ತಿಗೆಲ್ಲ ಕಾಫಿ ಹೆಚ್ಚಾಗಿ, 2001ರಲ್ಲಿ ದರ ಪಾತಾಳಕ್ಕಿಳಿಯಿತು. ನೀನಾಗ ತೊಟ್ಟಿಲಲ್ಲಿದ್ದೆ. ಕುಯ್ಲಿನ ಕೂಲಿಯೂ ಹುಟ್ಟುವುದಿಲ್ಲವೆಂದು ಸುತ್ತಮುತ್ತ ಕೆಲವರು ಹಣ್ಣನ್ನು ಗಿಡದಲ್ಲೇ ಬಿಟ್ಟರು. ನಿನ್ನ ಕಾಲ್ಗೆಜ್ಜೆಯೊಂದು ಬಿಟ್ಟು ಮನೆಯ ಒಡವೆಯೆಲ್ಲ ಅಡವಿಗೆ ಹೋಯಿತು.

ಆಗ ಇಲ್ಲಿ ವಿಯೆಟ್ನಾಮಿಗೆ ಶಾಪ ಹಾಕದವರಿಲ್ಲ. ಆದರೆ ಆ ದೇಶದಲ್ಲಿ 1993ರಲ್ಲಿ ನೂರಕ್ಕೆ 58 ಮಂದಿ ಬಡವರಿದ್ದರು, 2002ರ ಹೊತ್ತಿಗೆ ಅದು 29ಕ್ಕಿಳಿದಿತ್ತು. ಬರೀ ಕಾಫಿಯಿಂದ ಆದದ್ದಲ್ಲ, ಅಕ್ಕಿ, ಶೂ, ಸಿದ್ಧ ಉಡುಪು ಎಲ್ಲ ಸೇರಿತ್ತು. ಅಲ್ಲಿಯೂ ನನ್ನಂಥ ಒಬ್ಬ ತಾಯಿ ಆ ವರ್ಷಗಳಲ್ಲಿ ಮೊದಲ ಸಲ ಮಕ್ಕಳನ್ನು ಶಾಲೆಗೆ ಕಳಿಸಿರಬೇಕು. ಹಾಗಾಗಿ 'ಅಭಿವೃದ್ಧಿಶೀಲ ದೇಶಗಳು' ಅಂತ ನಮ್ಮನ್ನೆಲ್ಲ ಒಂದೇ ಪಂಕ್ತಿಯಲ್ಲಿ ಕೂರಿಸುವಾಗ ಸ್ವಲ್ಪ ಜೋಪಾನ. ಅವರು ಮೇಲೆ ಬಂದದ್ದೂ ನಾವು ಸಾಲಕ್ಕೆ ಬಿದ್ದದ್ದೂ ಒಂದೇ ದರಪಟ್ಟಿಯಲ್ಲಿ.

1962ರ ಅಂತರರಾಷ್ಟ್ರೀಯ ಕಾಫಿ ಒಪ್ಪಂದವನ್ನು ನೀನು ಹೊಗಳುತ್ತೀಯ. ಯಾವ ದೇಶ ಎಷ್ಟು ಮಾರಬೇಕೆಂದು ಕೋಟಾ ಇತ್ತು, ದರ ತಕ್ಕಮಟ್ಟಿಗೆ ನಿಲ್ಲುತ್ತಿತ್ತು, ನಿಜ. 1989ರ ಜುಲೈಯಲ್ಲಿ ಕೋಟಾ ಬಿದ್ದುಹೋದ ಮೇಲೆ ಕೆಲವೇ ತಿಂಗಳಲ್ಲಿ ದರ ಅರ್ಧದ ಹತ್ತಿರಕ್ಕೆ ಬಂತು. ಆದರೆ ಕೋಟಾ ಉಳಿದಿದ್ದರೆ ತಡವಾಗಿ ಬಂದ ವಿಯೆಟ್ನಾಮಿಗೆ ಪಂಕ್ತಿಯಲ್ಲಿ ಎಲೆ ಹಾಕುವವರು ಯಾರು? ಹೇಳು, ನೀನು ಯಾರ ಕಡೆ ನಿಲ್ಲುತ್ತೀಯ?

ನನ್ನನ್ನು ಕೇಳಿದರೆ, ಬಾಗಿಲು ತೆಗೆಯಬೇಕೋ ಮುಚ್ಚಬೇಕೋ ಅನ್ನುವುದಕ್ಕಿಂತ ಕಾಯುವ ತಾಕತ್ತು ಯಾರಿಗಿದೆ ಅಂತ ನೋಡಬೇಕು. 2024ರಲ್ಲಿ ವಿಯೆಟ್ನಾಮಿಗೆ ಬರ ಬಡಿದು ಲಂಡನ್ನಿನಲ್ಲಿ ರೊಬಸ್ಟಾ ಟನ್ನಿಗೆ 5,000 ಡಾಲರ್ ದಾಟಿತು. ಪೇಪರಿನವರು ಬೆಳೆಗಾರರಿಗೆ ಸುಗ್ಗಿ ಅಂತ ಬರೆದರು. ಸುಗ್ಗಿಯಾದದ್ದು ಗೋದಾಮು ಇದ್ದವರಿಗೆ. ಎರಡೆಕರೆಯವರು ಫೆಬ್ರುವರಿಯಲ್ಲಿ ಚೆರಿ ಒಣಗುತ್ತಿದ್ದ ಹಾಗೇ ಮಾರಿದ್ದರು. ಕೂಲಿ ಕೊಡಬೇಕು, ಗೊಬ್ಬರದ ಬಾಕಿ, ಸಂಘದ ಕಂತು. ಇನ್ನು ಲೈನ್ ಮನೆಯ ಜಾರ್ಖಂಡಿನ ಆಳುಗಳು? ಚೀಲದ ದರ ಸಾವಿರದ ಲೆಕ್ಕದಲ್ಲಿ ಏರಿತು, ಅವರ ಕುಯ್ಲಿನ ಕೂಲಿ ರೂಪಾಯಿ ಲೆಕ್ಕದಲ್ಲಿ. ಇದನ್ನು ನಿಮ್ಮಪ್ಪನ ಎದುರು ಹೇಳಿದರೆ ಊಟದ ಹೊತ್ತಿಗೆ ಮಾತು ಬೆಳೆಯುತ್ತದೆ, ಆದರೂ ಹೇಳಿದ್ದೇನೆ.

ಇನ್ನು ನಿನ್ನ ಆ ಅರ್ಥಶಾಸ್ತ್ರಜ್ಞ ಪ್ರೆಬಿಷ್ ವಿಚಾರ. ಕಚ್ಚಾ ಸರಕು ಮಾರುವ ದೇಶಕ್ಕೆ ಬರಬರುತ್ತಾ ಅದೇ ಮೂಟೆಗೆ ಕಡಿಮೆ ಸಾಮಾನು ಸಿಗುತ್ತದೆ ಅಂತ ಅವರು 1950ರಲ್ಲೇ ಹೇಳಿದ್ದನ್ನು ನೀನು ವಿವರಿಸಿದಾಗ ನನಗೆ ಹೊಸದೇನೂ ಅನ್ನಿಸಲಿಲ್ಲ. ನಮ್ಮ ಕಾಫಿಯನ್ನೇ ನೋಡು, ಹುರಿಯದ ಬೀಜಕ್ಕೆ ಯುರೋಪಿನಲ್ಲಿ ಆಮದು ಸುಂಕವೇ ಇಲ್ಲ, ಹುರಿದು ಕಳಿಸಿದರೆ ಮಾಮೂಲಿ ದರ ಶೇ. 7.5. ರಿಯಾಯಿತಿ ಸಿಗುವ ದೇಶಗಳೂ ಉಂಟು, ಸುಂಕವೊಂದೇ ಅಡ್ಡಿ ಅನ್ನಲಾರೆ. ಹುರಿದ ಕಾಫಿಯ ಘಮ ಹಡಗಿನಲ್ಲಿ ತಿಂಗಳುಗಟ್ಟಲೆ ಉಳಿಯುವುದಿಲ್ಲ, ಅಲ್ಲಿನ ಅಂಗಡಿಯ ಶೆಲ್ಫಿನಲ್ಲಿ ಜಾಗ ಪಡೆಯುವುದು ಅದಕ್ಕಿಂತ ಕಷ್ಟ. ಹೀಗಾಗಿ ಒಂದು ಕಾಫಿ ಗಿಡವೂ ಬೆಳೆಯದ ಜರ್ಮನಿ ಹುರಿದ ಕಾಫಿ ರಫ್ತು ಮಾಡುವ ದೊಡ್ಡ ದೇಶಗಳಲ್ಲೊಂದು. ನಾವೂ ಸುಮ್ಮನೆ ಕೂತಿಲ್ಲ. ವಿಯೆಟ್ನಾಮಿನಿಂದ, ಉಗಾಂಡದಿಂದ ಬೀಜ ತರಿಸಿ ಇನ್‌ಸ್ಟೆಂಟ್ ಮಾಡಿ ಹೊರಗೆ ಕಳಿಸುವ ಕಾರ್ಖಾನೆಗಳು ನಮ್ಮಲ್ಲಿವೆ. ಹಾಗೆ ಬರುವ ಬೀಜ ಕಂಡರೆ ಇಲ್ಲಿನ ಬೆಳೆಗಾರರಿಗೆ ಸಿಟ್ಟು, ಅದು ಬೇರೆ ಮಾತು.

ಈಗಿನ ಹೊಸ ತಲೆನೋವು ನಿಮ್ಮ ಕಡೆಯಿಂದಲೇ ಬಂದದ್ದು. 2020ರ ಡಿಸೆಂಬರ್ 31ರ ನಂತರ ಕಾಡು ಕಡಿದ ಜಾಗದ ಕಾಫಿ ಯುರೋಪಿಗೆ ಬರಕೂಡದಂತೆ. 2023ರಲ್ಲಿ ನಿಯಮ ಮಾಡಿ, ಜಾರಿಯನ್ನು ಮುಂದೂಡುತ್ತಾ ಬಂದಿದ್ದಾರೆ. ತೋಟ ಎಲ್ಲಿದೆ ಅಂತ ಉಪಗ್ರಹದ ಗುರುತು ಕೊಡಬೇಕು. ನಮ್ಮದು ನಾಲ್ಕು ಹೆಕ್ಟೇರಿಗೂ ಕಡಿಮೆ, ಒಂದು ಬಿಂದು ಸಾಕು. ಆ ಒಂದು ಬಿಂದುವಿಗೆ ಪಕ್ಕದ ಮನೆ ಹುಡುಗನೂ ನಾನೂ ಬೆಳಿಗ್ಗೆಯೆಲ್ಲ ಒದ್ದಾಡಿದೆವು. ಅತ್ತಿ, ನಂದಿ, ಹಲಸು ತಲೆ ಮೇಲೆ ಕವಿದುಕೊಂಡು ಫೋನಿಗೆ ಸಿಗ್ನಲ್ಲೇ ಇಲ್ಲ! ಕಾಡು ಉಳಿಸಿದ್ದೇವೆ ಅಂತ ತೋರಿಸಲು ಮರದ ನೆರಳು ಬಿಟ್ಟು ರಸ್ತೆಯಂಚಿಗೆ ಬರಬೇಕಾಯಿತು. ನಿಯಮದ ಉದ್ದೇಶ ಒಳ್ಳೆಯದೇ, ನಾನು ವಿರೋಧಿಸುವುದಿಲ್ಲ. ಆದರೆ ಕಾಗದಪತ್ರದ ಖರ್ಚು ದೊಡ್ಡ ಎಸ್ಟೇಟಿಗೆ ಗೊತ್ತೂ ಆಗುವುದಿಲ್ಲ, ಎರಡೆಕರೆಯವರು ಅದಕ್ಕೆ ಹೆದರಿಯೇ ಏಜೆಂಟ್ ಹೇಳಿದ ದರಕ್ಕೆ ಕೊಟ್ಟುಬಿಡುತ್ತಾರೆ. ಥೀಸಿಸ್‌ನಲ್ಲಿ ಇದಕ್ಕೊಂದು ಪುಟ ಕೊಡು.

ಚಳಿಗೆ ಸರಿಯಾಗಿ ಊಟ ಮಾಡು, ರಾತ್ರಿಯೆಲ್ಲ ಓದಬೇಡ. ಜನವರಿಯಲ್ಲಿ ಬರುವುದಾದರೆ ಟಿಕೆಟ್ ಈಗಲೇ ಮಾಡಿಸು, ಕುಯ್ಲು ಜೋರಾಗಿರುತ್ತದೆ, ಮನೆಯಲ್ಲಿ ಒಂದು ಕೈ ಹೆಚ್ಚಿದ್ದರೆ ನನಗೂ ಆಸರೆ. ಚಾಕಲೇಟ್ ತರಬೇಡ. ಅಲ್ಲಿನ ಅಂಗಡಿಯ ಕಾಲು ಕಿಲೋ ಕಾಫಿ ಪೊಟ್ಟಣ ಒಂದು ತಾ, ಬೆಲೆಚೀಟಿ ಕೀಳಬೇಡ. ನಿಮ್ಮಪ್ಪನಿಗೆ ತೋರಿಸಬೇಕು.

ನಿನ್ನ,
ಅಮ್ಮ