ಫ್ಲ್ಯಾಶರ್ ಡಬ್ಬಿಯೊಳಗಿನ ಬಡಗಿ

ಅಪ್ಪ ಬಿಟ್ಟುಹೋದ ಪದ್ಮಿನಿ ಕಾರಿಗೆ ಎಲ್‌ಇಡಿ ಇಂಡಿಕೇಟರ್ ಹಾಕಬೇಕೆಂದು ಮಗಳ ಹಟ. ಮಟಮಟ ಮಧ್ಯಾಹ್ನದಲ್ಲಿ ನಮ್ಮ ಹಳೇ ಬಲ್ಬು ಹಿಂದಿನವರಿಗೆ ಕಾಣುವುದೇ ಇಲ್ಲವಂತೆ. ಮೆಕ್ಯಾನಿಕ್ ಯಾಕೆ, ನಾವೇ ಹಾಕೋಣ ಎಂದು ಭಾನುವಾರ ಮನೆ ಮುಂದೆ ಕೂತೆವು. ಸ್ಕ್ರೂ ಬಿಚ್ಚಿದರೆ ಕಿತ್ತಳೆ ಬಣ್ಣದ ಲೆನ್ಸು ಕೈಗೆ ಬರುತ್ತದೆ. ಬಲ್ಬನ್ನು ಒಳಕ್ಕೊತ್ತಿ ಚೂರು ತಿರುಗಿಸಿದರೆ ಅದೂ ಬರುತ್ತದೆ, ತುಕ್ಕು ಮನಸ್ಸು ಮಾಡಿದರೆ. ಹೋಲ್ಡರನ್ನು ಎಮರಿ ಪೇಪರಿನಲ್ಲಿ ಉಜ್ಜಿ ಹಳದಿ ಎಲ್‌ಇಡಿ ಕೂರಿಸಿದೆವು. ಬಿಳಿಯದು ಬೇಡ, ಬಣ್ಣದ ಲೆನ್ಸಿನ ಹಿಂದೆ ಅದು ಪೇಲವ. ಮಗಳು ಒಳಗೆ ಕೂತು ಸ್ವಿಚ್ ಎಳೆದಳು. ದೀಪ ಜೋರಾಗಿಯೇ ಹತ್ತಿತು. ಹತ್ತಿದ್ದು ಹತ್ತಿಕೊಂಡೇ ಇತ್ತು.

"ಅಪ್ಪಾ, ಮಿಟುಕ್ತಾನೇ ಇಲ್ಲ!"

ಮಿಟುಕುವುದಿಲ್ಲ ಎಂದು ನಾನು ಮೊದಲೇ ಹೇಳಿದ್ದೆ. ನಾನು ಲೆಕ್ಕಕ್ಕೆ ಇಟ್ಟುಕೊಂಡಿರದಿದ್ದುದು ಸದ್ದು. ಡ್ಯಾಶ್‌ಬೋರ್ಡಿನಡಿಯ ಆ ಟಿಕ್ ಟಿಕ್ ಇಲ್ಲದೆ ಕಾರು ಯಾರದೋ ಅನ್ನಿಸಿಬಿಟ್ಟಿತು.

ದೀಪ ಮಿಟುಕಿಸುವ ಫ್ಲ್ಯಾಶರನ್ನು ಹೊರಗೆಳೆದೆ. ಹೆಬ್ಬೆರಳುದ್ದದ ಅಲ್ಯೂಮಿನಿಯಂ ಡಬ್ಬಿ. ಇನ್ನು ಇದರಿಂದ ಉಪಯೋಗವಿಲ್ಲವಲ್ಲ ಎಂದು ಇಕ್ಕಳದಲ್ಲಿ ಅಂಚು ಬಿಡಿಸಿದೆ. ಒಳಗೆ ಒಂದು ತೆಳು ಲೋಹದ ಪಟ್ಟಿ, ಅದಕ್ಕೆ ಸುತ್ತಿದ ಕೂದಲೆಳೆಯಂಥ ತಂತಿ, ತುದಿಯಲ್ಲಿ ಸಾಸಿವೆಕಾಳಿನಷ್ಟು ಪಾಯಿಂಟು. ಮುಂದಿನ ಬಲ್ಬು 21 ವ್ಯಾಟು, ಹಿಂದಿನದು 21. 12 ವೋಲ್ಟಿನ ಲೆಕ್ಕದಲ್ಲಿ ಮೂರೂವರೆ ಆಂಪಿಯರ್ ಕರೆಂಟು ಈ ಪುಟ್ಟ ಡಬ್ಬಿಯ ಮೂಲಕವೇ ಹಾಯಬೇಕು. ಪಟ್ಟಿ ಕಾಯುತ್ತದೆ, ಬಿಸಿಲಿಗಿಟ್ಟ ಹಪ್ಪಳದ ಹಾಗೆ ಬಾಗುತ್ತದೆ, ಪಾಯಿಂಟು ಬಿಡುತ್ತದೆ: ಟಿಕ್. ಆರುತ್ತದೆ, ಮತ್ತೆ ಕೂಡುತ್ತದೆ: ಟಿಕ್. ಎಲ್‌ಇಡಿ ಎಳೆಯುವ ಚಿಲ್ಲರೆ ಕರೆಂಟಿಗೆ ಈ ಪಟ್ಟಿಗೆ ಬೆವರೂ ಬರುವುದಿಲ್ಲ.

ಅಪ್ಪ ಈ ಟಿಕ್ ಕೇಳಿಯೇ ಬ್ಯಾಟರಿಯ ಯೋಗಕ್ಷೇಮ ತಿಳಿಯುತ್ತಿದ್ದರು. ಆಕ್ಸಿಲರೇಟರ್ ಒತ್ತಿದರೆ ಟಿಕ್ ಚುರುಕು, ಸಿಗ್ನಲ್ಲಿನಲ್ಲಿ ನಿಂತರೆ ನಿಧಾನ. "ಯಾಕೋ ಆಕಳಿಸ್ತಾ ಇದೆ, ಡಿಸ್ಟಿಲ್ಡ್ ವಾಟರ್ ನೋಡಬೇಕು" ಎನ್ನುವರು. ಒಂದು ಕಡೆಯ ಬಲ್ಬು ಹೋದರೆ ಲಯ ಕೆಟ್ಟು ತಾನೇ ದೂರು ಹೇಳುತ್ತಿತ್ತು. ಇಷ್ಟಾದರೂ ಅವರಿಗೆ ಇಂಡಿಕೇಟರಿನ ಮೇಲೆ ಪೂರ್ತಿ ನಂಬಿಕೆಯಿರಲಿಲ್ಲ. ದೀಪವೂ ಮಿಟುಕಬೇಕು, ಬಲಗೈಯೂ ಕಿಟಕಿಯಾಚೆ ಚಾಚಬೇಕು. ಎಡಕ್ಕೆ ತಿರುಗುವಾಗಲೂ ಬಲಗೈಯೇ, ಗಡಿಯಾರದ ಮುಳ್ಳಿಗೆ ಎದುರಾಗಿ ಸುತ್ತಿಸುತ್ತ. ಲೈಸೆನ್ಸಿಗೆಂದು ಕಲಿತದ್ದನ್ನು ಜೀವನಪೂರ್ತಿ ಪಾಲಿಸಿದ ಇನ್ನೊಬ್ಬರನ್ನು ನಾನು ಕಂಡಿಲ್ಲ. ಲಾರಿಯವರು ಬಲಗಡೆಯ ಇಂಡಿಕೇಟರ್ ಹಾಕಿದರೆ ತಿರುಗುತ್ತಾರೋ, ನಮಗೆ ಮುಂದೆ ಹೋಗಲು ಅಪ್ಪಣೆ ಕೊಡುತ್ತಿದ್ದಾರೋ ಎಂಬ ಗೊಂದಲವಿರುವ ನಾಡಿನಲ್ಲಿ ಕೈಯೇ ವಾಸಿ ಎಂಬುದು ಅವರ ವಾದ.

ಫ್ಲ್ಯಾಶರಿನೊಳಗಿನ ಆ ಪಟ್ಟಿಯ ಮೂಲ ಹುಡುಕಿಕೊಂಡು ಹೋದರೆ ಕಾರೂ ಇಲ್ಲ, ಕರೆಂಟೂ ಇಲ್ಲ. ಸಿಗುವವನು ಇಂಗ್ಲೆಂಡಿನ ಒಬ್ಬ ಬಡಗಿ. ಜಾನ್ ಹ್ಯಾರಿಸನ್, ಹುಟ್ಟಿದ್ದು 1693ರಲ್ಲಿ, ಯಾರ ಬಳಿಯೂ ಗಡಿಯಾರದ ಕೆಲಸ ಕಲಿತವನಲ್ಲ. ನಡುಸಮುದ್ರದಲ್ಲಿ ಹಡಗು ಎಷ್ಟು ಪೂರ್ವಕ್ಕಿದೆ, ಎಷ್ಟು ಪಶ್ಚಿಮಕ್ಕಿದೆ ಎಂದು ತಿಳಿಯುವ ದಾರಿ ತೋರಿಸಿದವರಿಗೆ 20,000 ಪೌಂಡ್ ಬಹುಮಾನವೆಂದು ಅಲ್ಲಿನ ಪಾರ್ಲಿಮೆಂಟು 1714ರಲ್ಲಿ ಸಾರಿತ್ತು. ಅದಕ್ಕೆ ತಪ್ಪದೆ ನಡೆಯುವ ಗಡಿಯಾರ ಬೇಕು. ಆದರೆ ಸೆಕೆಗೂ ಚಳಿಗೂ ಗಡಿಯಾರದ ಸ್ಪ್ರಿಂಗು ಒಂದೇ ಥರ ನಡೆದುಕೊಳ್ಳುವುದಿಲ್ಲ. ಹ್ಯಾರಿಸನ್ ಹಿತ್ತಾಳೆ ಮತ್ತು ಉಕ್ಕಿನ ಪಟ್ಟಿಗಳನ್ನು ಬೆನ್ನಿಗೆ ಬೆನ್ನು ಹಚ್ಚಿ ರಿವೆಟ್ ಹೊಡೆದ. ಕಾಯಿಸಿದರೆ ಹಿತ್ತಾಳೆ ಹೆಚ್ಚು ಹಿಗ್ಗುತ್ತದೆ, ಉಕ್ಕು ಕಡಿಮೆ, ಜೋಡಿ ಬಾಗಲೇಬೇಕು. ಆ ಬಾಗುವಿಕೆಯಿಂದಲೇ ಸ್ಪ್ರಿಂಗಿನ ತಪ್ಪನ್ನು ತಿದ್ದಿಸಿದ. ಇದು ಅವನ ಮೂರನೆಯ ಗಡಿಯಾರದಲ್ಲಿ. ಅದರ ಹಿಂದೆ ಸುಮಾರು 19 ವರ್ಷ ಸವೆಸಿದ, ಕೊನೆಗೂ ಅದು ಅವನಿಗೆ ತೃಪ್ತಿ ಕೊಡಲಿಲ್ಲ. ಹೆಸರು ತಂದದ್ದು ಆಮೇಲಿನ ಅಂಗೈಯಗಲದ ನಾಲ್ಕನೆಯದು. ಹಡಗಿನಲ್ಲಿ ಜಮೈಕಾವರೆಗೆ ಹೋಗಿ ಬರೀ ಐದು ಸೆಕೆಂಡಿನಷ್ಟು ಹಿಂದೆ ಬಿದ್ದಿತ್ತು. ಲೋಕವೆಲ್ಲ ಅದನ್ನೇ ಹೊಗಳಲಿ. ನನ್ನ ಪಕ್ಷ ಮೂರನೆಯದಕ್ಕೆ. ಗೆದ್ದ ಗಡಿಯಾರ ಗಾಜಿನ ಪೆಟ್ಟಿಗೆ ಸೇರಿತು. ಸೋತದ್ದರ ಪಟ್ಟಿ ನಮ್ಮ ಇಸ್ತ್ರಿ ಪೆಟ್ಟಿಗೆಯ ಹೊಟ್ಟೆ ಸೇರಿತು, ಗಣೇಶನ ಪೆಂಡಾಲಿನ ಸೀರಿಯಲ್ ಸೆಟ್ಟಿಗೂ ಬಂತು. ಆ ಸರದಲ್ಲಿ ಮಿಟುಕುವ ಒಂದು ಬಲ್ಬಿರುತ್ತಿತ್ತು. ಅದನ್ನು ಕಿತ್ತು ಮಾಮೂಲಿ ಬಲ್ಬು ಹಾಕಿದರೆ ಇಡೀ ಸರ ಮಿಟುಕುವುದು ಬಿಡುತ್ತಿತ್ತು. ಅದರೊಳಗಿದ್ದದ್ದೂ ಇದೇ ಪಟ್ಟಿ. ಬೀದಿಯ ಹುಡುಗರಿಗೆ ಆ ಬಲ್ಬು ಯಾವುದೆಂದು ಕಣ್ಣುಮುಚ್ಚಿ ಗೊತ್ತಿರುತ್ತಿತ್ತು.

ಎಲ್‌ಇಡಿಗೂ ವಂಶಾವಳಿ ಇದೆ, ಇಲ್ಲವೆನ್ನುವುದಿಲ್ಲ. 1962ರಲ್ಲಿ ನಿಕ್ ಹೊಲೊನ್ಯಾಕ್ ಕೆಂಪು ಬೆಳಕಿನದನ್ನು ಮಾಡಿದರು, ಹತ್ತು ವರ್ಷದ ಮೇಲೆ ಅವರ ಶಿಷ್ಯ ಜಾರ್ಜ್ ಕ್ರಾಫರ್ಡ್ ಹಳದಿ ತಂದರು. ಗೌರವವಿದೆ. ಪ್ರೀತಿ ಇನ್ನೂ ಹುಟ್ಟಿಲ್ಲ.

"ಆಯ್ತಪ್ಪ, ಈಗ ಮಿಟುಕೋದಕ್ಕೆ ಏನು ಮಾಡೋದು?" ಮಗಳು ಕೇಳಿದಳು.

ದಾರಿ ಎರಡು. ಬಲ್ಬಿನ ಪಕ್ಕಕ್ಕೆ 6 ಓಮಿನ, 50 ವ್ಯಾಟ್ ತಾಳುವ ರೆಸಿಸ್ಟರ್ ಕಟ್ಟಿ, ಹಳೇ ಬಲ್ಬು ಇನ್ನೂ ಇದೆಯೆಂದು ಫ್ಲ್ಯಾಶರನ್ನು ನಂಬಿಸುವುದು ಒಂದು. ಅದು ಕೈ ಸುಡುವಷ್ಟು ಕಾಯುತ್ತದೆ. ಪ್ಲಾಸ್ಟಿಕ್ಕಿಗೆ ತಾಗಿಸದೆ ತಗಡಿಗೇ ಬಿಗಿಯಬೇಕು. ಎಲ್‌ಇಡಿ ಹಾಕಿ ಕರೆಂಟು ಉಳಿಸುವುದು, ಉಳಿಸಿದ್ದನ್ನು ಪಕ್ಕದಲ್ಲೇ ಸುಡುವುದು: ಯಾವುದೋ ಸರ್ಕಾರಿ ಯೋಜನೆ ಅನ್ನಿಸಿತು. ಎರಡನೆಯದು ಎಲ್‌ಇಡಿಗೆ ಹೊಂದುವ ಎಲೆಕ್ಟ್ರಾನಿಕ್ ಫ್ಲ್ಯಾಶರ್. ಅದಕ್ಕೆ ಲೋಡಿನ ಹಂಗಿಲ್ಲ. ಡಬ್ಬಿಯನ್ನಂತೂ ಬಿಚ್ಚಿ ಆಗಿತ್ತು. ಸೋಮವಾರ ಇಬ್ಬರೂ ಜೆ.ಸಿ. ರಸ್ತೆಗೆ ಹೋದೆವು.

ಅಂಗಡಿಯವನು ಕರೀ ಡಬ್ಬಿಯೆರಡನ್ನು ಗಲ್ಲೆಯ ಮೇಲಿಟ್ಟ. "ಸೌಂಡ್ ಇರೋದು ಕೊಡ್ಲಾ ಸಾರ್, ಸೈಲೆಂಟಾ?"

"ಸೈಲೆಂಟ್ ಸಾಕು" ಎಂದಳು ಮಗಳು. ಅವಳ ಆಫೀಸಿನ ಹೊಸ ಕಾರಿನಲ್ಲಿ ಟಿಕ್ ಟಿಕ್ ಬರುವುದು ಸ್ಪೀಕರಿನಿಂದ. ಬೇಕಾದರೆ ಸಣ್ಣ ದನಿಗೂ ಇಳಿಸಬಹುದಂತೆ.

"ಸೌಂಡ್ ಇರೋದೇ ಕೊಡಿ" ಎಂದೆ.

"ಇಪ್ಪತ್ತು ರೂಪಾಯಿ ಜಾಸ್ತಿ ಆಗುತ್ತೆ."

ಹ್ಯಾರಿಸನ್ನನನ್ನು ಬಹುಮಾನದ ಮಂಡಳಿ ಸತಾಯಿಸಿ ಸತಾಯಿಸಿ, ಕೊನೆಗೆ 1773ರಲ್ಲಿ ಪಾರ್ಲಿಮೆಂಟೇ 8,750 ಪೌಂಡ್ ಕೊಡುವಷ್ಟರಲ್ಲಿ ಅವನಿಗೆ ಎಂಬತ್ತಾಗಿತ್ತು. ನಾನು ಚೌಕಾಸಿ ಮಾಡದೆ ಕೊಟ್ಟೆ.